ಚಹಾ ಸೊಳ್ಳೆಗೆ ಬೂಷ್ಟಿನ ಮದ್ದು: ಗೂಡಲೂರು ಕಡೆಯ ತೋಟದಲ್ಲಿ ನಾವು ಮಾಡುವ ಕ್ರಮ

ಚಹಾ ಚಿಗುರಿನ ರಸ ಹೀರುವ ಸೊಳ್ಳೆಗೆ ಬ್ಯೂವೇರಿಯಾ, ಅಂದರೆ ಹುಳಕ್ಕೆ ರೋಗ ಹತ್ತಿಸಿ ಕೊಲ್ಲುವ ಬೂಷ್ಟು, ಕೆಲಸ ಮಾಡುವುದಿಲ್ಲ ಎನ್ನುವ ಬೆಳೆಗಾರರು ನಮ್ಮ ಕಡೆ ಬಹಳ. ಹೇಗೆ ಹೊಡೆದಿರಿ ಎಂದು ವಿಚಾರಿಸಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಹೀಗಿರುತ್ತದೆ: ಬೆಳಿಗ್ಗೆ ಬಿಸಿಲೇರಿದ ಮೇಲೆ, ಹಿಂದಿನ ವಾರ ತಾಮ್ರದ ಔಷಧಿ ಕಲೆಸಿದ್ದ ಡ್ರಮ್ಮಿನಲ್ಲೇ ಕಲೆಸಿ, ಎಲೆಯ ಮೇಲ್ಭಾಗಕ್ಕಷ್ಟೇ ಹೊಡೆದು, ಎರಡು ದಿನವಾದರೂ ಸೊಳ್ಳೆ ಸಾಯಲಿಲ್ಲವೆಂದು ಬೇರೆ ಔಷಧಿಗೆ ಹೋದದ್ದು. ಈ ನಾಲ್ಕರಲ್ಲಿ ಯಾವ ಒಂದಾದರೂ ಸಾಕು ಬೂಷ್ಟು ಸೋಲಲು. ಪ್ಯಾಕೆಟ್ಟಿನ ಒಳಗಿರುವುದು ಜೀವ ಇರುವ ಬೀಜಕ, ಬೂಷ್ಟು ಮೊಳೆಯುವ ಕಣ. ಅದಕ್ಕೆ ತೇವ ಬೇಕು, ನೆರಳು ಬೇಕು, ಹುಳದ ಮೈ ತಗಲಬೇಕು, ಆಮೇಲೆ ಒಂದು ವಾರ ಯಾರೂ ಅದರ ತಂಟೆಗೆ ಹೋಗಬಾರದು. ನಮ್ಮ ಗುಡ್ಡಗಳಲ್ಲಿ ಈ ಕೊನೆಯದೇ ಕಷ್ಟ. ತೇವ ಇರುವ ತಿಂಗಳುಗಳಲ್ಲೇ ಚಹಾ ಎಲೆಯಲ್ಲಿ ಗುಳ್ಳೆ ಏಳಿಸುವ ಬ್ಲಿಸ್ಟರ್ ಎಂಬ ಬೂಷ್ಟು ರೋಗವೂ ಇರುತ್ತದೆ, ಬ್ಲಿಸ್ಟರಿಗೆ ತಾಮ್ರ ಹೊಡೆಯಲೇಬೇಕು, ತಾಮ್ರ ಈ ಬೂಷ್ಟನ್ನೂ ಕೊಲ್ಲುತ್ತದೆ. ಈ ಎರಡರ ನಡುವೆ ಸಂದು ಹುಡುಕುವುದೇ ನಿಜವಾದ ಕೆಲಸ.

ನೀಲಗಿರಿ ಜಿಲ್ಲೆಯ ಗೂಡಲೂರು, ಪಂದಲೂರು ಸುತ್ತಿನ ಸಣ್ಣ ಹಿಡುವಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಸಕಲೇಶಪುರದ ಕಾಡುಮನೆ ಕಡೆ, ಚಿಕ್ಕಮಗಳೂರಿನ ಕೆಳಗೂರು ಕಡೆ, ದಕ್ಷಿಣ ಕೊಡಗಿನಲ್ಲಿ ಚಹಾ ಇರುವಲ್ಲಿ ಮಳೆ ಇನ್ನೂ ಜಾಸ್ತಿ. ಕ್ರಮ ಅದೇ, ತಿಂಗಳುಗಳನ್ನು ಹೊಂದಿಸಿಕೊಳ್ಳಬೇಕು.

ಯಾವ ಕೀಟಕ್ಕೆ ಯಾವ ಬೂಷ್ಟು

ಚಹಾ ಸೊಳ್ಳೆಗೆ ಬ್ಯೂವೇರಿಯಾ ಬಾಸಿಯಾನಾ. ಹೆಸರಿಗೆ ಸೊಳ್ಳೆಯೇ ಹೊರತು ಅದು ತಿಗಣೆ ಜಾತಿಯ ಕೀಟ, ಹೆಲೋಪೆಲ್ಟಿಸ್ ಥೀವೋರಾ. ಕರಾವಳಿಯ ಗೇರು ತೋಟದವರು ಟೀ ಸೊಳ್ಳೆ ಎನ್ನುವುದು ಇದರ ದಾಯಾದಿಯನ್ನು, ಹೆಲೋಪೆಲ್ಟಿಸ್ ಆಂಟೋನಿಯನ್ನು. ಗೆದ್ದಲಿಗೆ, ಮಣ್ಣಿನಲ್ಲಿರುವ ಗೊಣ್ಣೆಹುಳುವಿಗೆ ಮೆಟಾರೈಜಿಯಂ. ಥ್ರಿಪ್ಸ್, ಶಲ್ಕ ಕೀಟದಂಥ ಮೆತ್ತನೆ ಮೈಯ ರಸ ಹೀರುವವಕ್ಕೆ ಲೆಕಾನಿಸಿಲಿಯಂ. ಹಳೆಯ ಪ್ಯಾಕೆಟ್ಟುಗಳಲ್ಲಿ ಇದನ್ನೇ ವರ್ಟಿಸಿಲಿಯಂ ಲೆಕಾನಿ ಎಂದು ಅಚ್ಚು ಹಾಕಿರುತ್ತಾರೆ. ಕೆಂಪು ನುಸಿಗೂ ಬೂಷ್ಟು ಹೊಡೆಯಿರಿ ಎಂದು ಅಂಗಡಿಯಲ್ಲಿ ಹೇಳುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಕೆಂಪು ನುಸಿ ಏರುವುದು ಒಣ ತಿಂಗಳುಗಳಲ್ಲಿ, ಡಿಸೆಂಬರಿನಿಂದ ಮೇವರೆಗೆ, ಅದೂ ರಸ್ತೆ ಪಕ್ಕದ ಧೂಳು ಹಿಡಿದ ಗಿಡಗಳಲ್ಲಿ, ನೆರಳಿಲ್ಲದ ಕಡೆ, ಬಲಿತ ಎಲೆಯ ಮೇಲ್ಮೈಯಲ್ಲಿ. ಬೀಜಕ ಒಣಗಿ ಸಾಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ನೀರು ರಭಸವಾಗಿ ಹೊಡೆದು ಧೂಳು ತೊಳೆಯುವುದು, ನೆರಳು ಸರಿಪಡಿಸುವುದು, ನುಸಿ ತಿನ್ನುವ ಸಣ್ಣ ದುಂಬಿಗಳನ್ನು ಉಳಿಸಿಕೊಳ್ಳುವುದು ಹೆಚ್ಚು ಲಾಭ. ತೆಂಗಿನ ನುಸಿಗೆ ಹಿರ್ಸುಟೆಲ್ಲಾ ಬೂಷ್ಟು ಕೆಲಸಕ್ಕೆ ಬಂದದ್ದನ್ನು ಉದಾಹರಣೆ ಕೊಡುತ್ತಾರೆ. ಆದರೆ ಆ ನುಸಿ ಇರುವುದು ಕಾಯಿಯ ತೊಟ್ಟಿನ ತೊಗಟೆಯ ಅಡಿಯ ತಂಪಿನಲ್ಲಿ, ಎರಡಕ್ಕೂ ಹೋಲಿಕೆಯಿಲ್ಲ.

ಹಾಗಾಗಿ ಮುಂದಿನ ಮಾತು ಬಹುಪಾಲು ಸೊಳ್ಳೆ ಮತ್ತು ಬ್ಯೂವೇರಿಯಾದ್ದು.

ಹುಳದ ಮೈಮೇಲೆ ನಡೆಯುವುದು

ಬ್ಯೂವೇರಿಯಾವನ್ನು ಹುಳ ತಿನ್ನಬೇಕಾಗಿಲ್ಲ, ಚರ್ಮಕ್ಕೆ ಅಂಟಿದರೆ ಸಾಕು. ಬೀಜಕ ಎರಡು ಮೂರು ಮೈಕ್ರಾನಿನ ಗುಂಡು ಕಣ. ಗಾಳಿಯಲ್ಲಿ ತೇವ ತುಂಬಿದ್ದರೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಮೊಳೆತು, ಚರ್ಮ ಕರಗಿಸುವ ಕಿಣ್ವ ಬಿಟ್ಟು ಒಳಗೆ ತೂರುತ್ತದೆ. ಒಳಗೆ ಹೋದ ಮೇಲೆ ಹೊರಗಿನ ಬಿಸಿಲು, ಒಣಹವೆ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಅಂದರೆ ನಾವು ಕಾಯಬೇಕಾದದ್ದು ಮೊದಲ ಒಂದು ರಾತ್ರಿ ಒಂದು ಹಗಲನ್ನು. ರೋಗ ಹಿಡಿದ ಮರಿ ಒಂದೆರಡು ದಿನದಲ್ಲೇ ತಿನ್ನುವುದು ಕಡಿಮೆ ಮಾಡುತ್ತದೆ, ನಾಲ್ಕರಿಂದ ಏಳು ದಿನದಲ್ಲಿ ಸಾಯುತ್ತದೆ, ಚಳಿ ಇದ್ದರೆ ಇನ್ನೂ ತಡ. 22ರಿಂದ 28 ಡಿಗ್ರಿ ಅದಕ್ಕೆ ಹಿತ, 35 ದಾಟಿದರೆ ಬೆಳವಣಿಗೆ ನಿಂತ ಹಾಗೆ.

ಸತ್ತ ಸೊಳ್ಳೆ ಎಲ್ಲವೂ ಬಿಳಿಯಾಗಿ ಕಾಣುವುದಿಲ್ಲ. ಗಿಡದ ಒಳಗೆ, ಎಲೆ ಒತ್ತಾದ ಕಡೆ ಬಿದ್ದ ಹೆಣದಲ್ಲಿ ಮಾತ್ರ ಕಾಲಿನ ಗಿಣ್ಣು, ಹೊಟ್ಟೆಯ ಪಟ್ಟಿಗಳ ಸಂದಿನಿಂದ ಮೊದಲು ಬಿಳಿ ಎಳೆ ಹೊರಬರುತ್ತದೆ, ಮತ್ತೆರಡು ದಿನಕ್ಕೆ ಮೈಯೆಲ್ಲ ಹಿಟ್ಟು ಉದುರಿಸಿದ ಹಾಗೆ. ಬಿಸಿಲಿಗೆ ಬಿದ್ದದ್ದು ಸುಮ್ಮನೆ ಒಣಗಿ ಗಟ್ಟಿಯಾಗುತ್ತದೆ, ಇಲ್ಲವೇ ಇರುವೆ ಒಯ್ದಿರುತ್ತದೆ. ಬಿಳಿ ಹೆಣ ಸಿಗಲಿಲ್ಲವೆಂದು ಔಷಧಿ ಸೋತಿತು ಅನ್ನಬೇಡಿ. ಗುರುತು ನೋಡಬೇಕಾದದ್ದು ಚಿಗುರಿನಲ್ಲಿ. ಸೊಳ್ಳೆ ಹೀರಿದ ಕಡೆ ಬೀಳುವ ಹೊಸ ಚುಕ್ಕೆ ನೀರು ಕುಡಿದಂತೆ ತೆಳು ಹಸಿರು ಕಂದಾಗಿರುತ್ತದೆ, ಹಳೆಯದು ಒಣಗಿ ಕಪ್ಪಾಗಿರುತ್ತದೆ. ಎಂಟನೇ ದಿನಕ್ಕೆ ಹೊಸ ಚುಕ್ಕೆ ಕಡಿಮೆಯಾಗಿದ್ದರೆ ಕೆಲಸ ಆಗುತ್ತಿದೆ.

ಒಂದೇ ಸಲ ಹೊಡೆದರೆ ಸಾಲದು ಎನ್ನುವುದಕ್ಕೆ ಎರಡು ಕಾರಣ. ಸೊಳ್ಳೆ ಮೊಟ್ಟೆಯನ್ನು ಎಳೆ ಕಾಂಡದೊಳಗೆ ಚುಚ್ಚಿ ಇಡುತ್ತದೆ. ಹೊರಗೆ ಕಾಣುವುದು ಎರಡು ಬಿಳಿ ಕೂದಲಿನಂಥ ಎಳೆ ಮಾತ್ರ, ಒಂದು ಉದ್ದ, ಒಂದು ಗಿಡ್ಡ. ಭೂತಗನ್ನಡಿ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಅಲ್ಲಿಗೆ ಯಾವ ಸಿಂಪರಣೆಯೂ ಮುಟ್ಟುವುದಿಲ್ಲ, ವಾರ ಹತ್ತು ದಿನದಲ್ಲಿ ಹೊಸ ಮರಿ ಬರುತ್ತದೆ. ಇನ್ನೊಂದು, ಮರಿ ಐದು ಹಂತ ಬೆಳೆಯುವಾಗ ಪ್ರತಿ ಸಲ ಪೊರೆ ಕಳಚುತ್ತದೆ. ಸಿಂಪಡಿಸಿದ ಮರುದಿನವೇ ಪೊರೆ ಕಳಚಿದ ಮರಿ ತನ್ನ ಮೈಮೇಲಿನ ಬೀಜಕವನ್ನೂ ಪೊರೆಯ ಜೊತೆ ಬಿಟ್ಟು ನಡೆಯುತ್ತದೆ. ಈ ತಪ್ಪಿಸಿಕೊಂಡವನ್ನೂ ಹೊಸದಾಗಿ ಹುಟ್ಟಿದವನ್ನೂ ಹಿಡಿಯಲು ಏಳರಿಂದ ಹತ್ತು ದಿನಕ್ಕೆ ಎರಡನೇ ಸಿಂಪರಣೆ ಬೇಕೇ ಬೇಕು. ದುಡ್ಡು ಒಂದು ಸಲಕ್ಕಷ್ಟೇ ಇದ್ದರೆ ಇಡೀ ತೋಟಕ್ಕೆ ಒಂದು ಸಲ ಹೊಡೆಯುವ ಬದಲು ಸೊಳ್ಳೆ ಇರುವ ಅರ್ಧಕ್ಕೆ ಎರಡು ಸಲ ಹೊಡೆಯಿರಿ.

ಪ್ಯಾಕೆಟ್ಟಿನ ಲೆಕ್ಕ

ಇದನ್ನು ಯಾರೂ ಕೂತು ಲೆಕ್ಕ ಹಾಕುವುದಿಲ್ಲ. ಅಂಗಡಿಯ ಪುಡಿಯಲ್ಲಿ ಸಾಮಾನ್ಯವಾಗಿ ಗ್ರಾಂಗೆ 1×10⁸, ಅಂದರೆ ಹತ್ತು ಕೋಟಿ ಬೀಜಕ ಎಂದು ಬರೆದಿರುತ್ತದೆ. ಲೀಟರಿಗೆ 5 ಗ್ರಾಂ ಹಾಕಿದರೆ ಲೀಟರಿನಲ್ಲಿ ಐವತ್ತು ಕೋಟಿ, ಮಿಲಿಲೀಟರಿಗೆ ಬರೀ ಐದು ಲಕ್ಷ. ಪ್ರಯೋಗಾಲಯದಲ್ಲಿ ಒಳ್ಳೆಯ ಫಲಿತಾಂಶ ತೋರಿಸುವಾಗ ಬಳಸುವುದು ಸಾಮಾನ್ಯವಾಗಿ ಮಿಲಿಲೀಟರಿಗೆ ಒಂದು ಕೋಟಿ ಅಥವಾ ಅದಕ್ಕೂ ಹೆಚ್ಚು. ಇಪ್ಪತ್ತು ಪಟ್ಟು ವ್ಯತ್ಯಾಸ! ಅದೂ ಪುಡಿಯಲ್ಲಿರುವ ಬೀಜಕವೆಲ್ಲ ಬದುಕಿದ್ದರೆ. ಅಂಗಡಿಯ ತಗಡು ಮಾಡಿನ ಕೆಳಗೆ ಒಂದು ಬೇಸಿಗೆ ಕಳೆದ ಪ್ಯಾಕೆಟ್ಟಿನಲ್ಲಿ ಎಷ್ಟು ಉಳಿದಿರುತ್ತದೆ ಎಂದು ಯೋಚಿಸಿ. ಹಾಗಾಗಿ ಸಿಕ್ಕರೆ 1×10⁹ ಇರುವ, ತಯಾರಾಗಿ ಮೂರು ತಿಂಗಳೊಳಗಿನ ಮಾಲನ್ನೇ ಕೊಳ್ಳುತ್ತೇವೆ. ಲೇಬಲ್ಲಿನಲ್ಲಿ ನೋಂದಣಿ ಸಂಖ್ಯೆ, ತಳಿಯ ಹೆಸರು, ತಯಾರಿಕೆ ದಿನಾಂಕ, ಬೀಜಕದ ಎಣಿಕೆ ಇರಬೇಕು. ಈ ನಾಲ್ಕರಲ್ಲಿ ಒಂದಿಲ್ಲದಿದ್ದರೂ ಬೇಡ.

ಸಾವಯವ, ಜೈವಿಕ ಎಂದು ಬಣ್ಣದ ಸೀಸೆಯಲ್ಲಿ ಬರುವ ಕೆಲವು ದ್ರಾವಣಗಳಿಗೆ ರಾಸಾಯನಿಕ ಬೆರೆಸಿರುತ್ತಾರೆ. ಹೊಡೆದ ಮರುದಿನವೇ ಸೊಳ್ಳೆ ಪಟಪಟ ಉದುರಿದರೆ ಖುಷಿಪಡುವ ವಿಷಯವಲ್ಲ. ಬೂಷ್ಟಿಗೆ ಆ ವೇಗ ಇಲ್ಲ. ಟೀ ಬೋರ್ಡಿನ ಸಸ್ಯ ಸಂರಕ್ಷಣಾ ಸಂಹಿತೆಯಲ್ಲಿ ಇಲ್ಲದ ಔಷಧಿಯ ಅಂಶ ನಿಮ್ಮ ಸೊಪ್ಪಿನಲ್ಲಿ ಸಿಕ್ಕಿದರೆ ಕಾರ್ಖಾನೆಯವರು ಸೊಪ್ಪು ವಾಪಸು ಕಳಿಸುತ್ತಾರೆ. ಜೈವಿಕ ಎಂದು ಬರೆದಿತ್ತು ಅನ್ನುವ ಉತ್ತರ ಅಲ್ಲಿ ನಡೆಯುವುದಿಲ್ಲ.

ಹೊಸ ಪ್ಯಾಕೆಟ್ ಬಂದಾಗ ಮಾಡುವ ಪರೀಕ್ಷೆ ಸರಳ. ಎರಡು ಅಗಲ ಬಾಯಿಯ ಗಾಜಿನ ಭರಣಿ, ಎರಡರಲ್ಲೂ ಒದ್ದೆ ಹತ್ತಿ, ನೀರಿನ ಸಣ್ಣ ಸೀಸೆಯಲ್ಲಿ ನಿಲ್ಲಿಸಿದ ಎಳೆ ಚಿಗುರು. ತೋಟದಿಂದ ಸೊಳ್ಳೆ ಮರಿಗಳನ್ನು ಒದ್ದೆ ಕುಂಚದಲ್ಲಿ ಎತ್ತಿ ತಂದು, ಒಂದಕ್ಕೆ ಬ್ಯೂವೇರಿಯಾ ಚಿಮುಕಿಸಿದ್ದು, ಇನ್ನೊಂದಕ್ಕೆ ಬರೀ ನೀರು ಚಿಮುಕಿಸಿದ್ದು ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡುವುದು. ಚಿಗುರು ಎರಡು ದಿನಕ್ಕೊಮ್ಮೆ ಬದಲಿಸಬೇಕು. ಸತ್ತ ಮರಿಯನ್ನು ತೆಗೆದು ಒದ್ದೆ ಕಾಗದದ ಮೇಲೆ ಮುಚ್ಚಿಟ್ಟರೆ ಎರಡು ಮೂರು ದಿನಕ್ಕೆ ಗಿಣ್ಣುಗಳಿಂದ ಬಿಳಿ ಎಳೆ ಬರಬೇಕು. ಕಪ್ಪೋ ಹಳದಿಯೋ ಬೂಷ್ಟು ಬಂದರೆ ಅದು ಬೇರೆ ಯಾವುದೋ. ನೀರು ಚಿಮುಕಿಸಿದ ಭರಣಿಯಲ್ಲೂ ಅಷ್ಟೇ ಮರಿ ಸತ್ತರೆ ಪರೀಕ್ಷೆ ಕೆಟ್ಟಿದೆ, ಹಿಡಿಯುವಾಗ ಪೆಟ್ಟಾಗಿರುತ್ತದೆ; ಮತ್ತೆ ಮಾಡಿ.

ಅಕ್ಕಿಯ ಮೇಲೆ ಬೆಳೆಸುವುದು

ನಮ್ಮ ಉಪಯೋಗಕ್ಕೆ ನಾವೇ ಬೆಳೆಸಿಕೊಳ್ಳುತ್ತೇವೆ. ಮಾರುವುದಾದರೆ ನೋಂದಣಿ ಬೇಕು, ಅದು ಬೇರೆ ದಾರಿ. ಮೂಲ ಬೂಷ್ಟನ್ನು ಅಂಗಡಿ ಪುಡಿಯಿಂದ ಎಬ್ಬಿಸಬೇಡಿ. ಬೆಂಗಳೂರಿನ ಎನ್‌ಬಿಎಐಆರ್ (ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ), ವಾಲ್ಪಾರೈಯ ಉಪಾಸಿ ಚಹಾ ಸಂಶೋಧನಾ ಸಂಸ್ಥೆಯಂಥ ಕಡೆ ವಿಚಾರಿಸಿ ಶುದ್ಧ ಬೂಷ್ಟೇ ತರಬೇಕು.

ಕುಸುಬಲಕ್ಕಿ ನುಚ್ಚು ಒಳ್ಳೆಯದು. ಬೆಳ್ತಿಗೆ ಅಕ್ಕಿ ಮುದ್ದೆಯಾಗುತ್ತದೆ. ನುಚ್ಚನ್ನು ಎರಡು ಗಂಟೆ ನೆನೆಸಿ, ಬಸಿದು, ಬಟ್ಟೆಯ ಮೇಲೆ ಹರಡಿ ಮೇಲಿನ ನೀರು ಆರುವ ತನಕ ಬಿಡಬೇಕು. ಹಿಡಿಯಲ್ಲಿ ಅಮುಕಿ ಬಿಟ್ಟರೆ ಕಾಳು ಕಾಳಾಗಿ ಬಿಚ್ಚಿಕೊಳ್ಳಬೇಕು. ಉಂಡೆ ಹಾಗೇ ನಿಂತರೆ ನೀರು ಹೆಚ್ಚಾಗಿದೆ. ಶಾಖ ತಡೆಯುವ ಪಾಲಿಪ್ರೊಪಿಲೀನ್ ಚೀಲಕ್ಕೆ ಕಾಲು ಕಿಲೋದಂತೆ ತುಂಬಿ, ಬಾಯಿಗೆ ಪೈಪಿನ ತುಂಡು ತೂರಿಸಿ, ಅದಕ್ಕೆ ಹತ್ತಿ ಬಿರಡೆ, ಮೇಲೆ ಕಾಗದ, ರಬ್ಬರ್ ಬ್ಯಾಂಡ್. ದೊಡ್ಡ ಕುಕ್ಕರಿನಲ್ಲಿ ಧಾರಾಳ ನೀರು ಹಾಕಿ, ಚೀಲ ನೀರಿಗೆ ತಾಗದಂತೆ ಜಾಲರಿ ಇಟ್ಟು, ಒತ್ತಡ ಏರಿದ ಮೇಲೆ ಉರಿ ತಗ್ಗಿಸಿ 45 ನಿಮಿಷ. 15 ಪೌಂಡ್ ಒತ್ತಡ, 121 ಡಿಗ್ರಿ, ಇದು ಬೇಕಾದ ಲೆಕ್ಕ. ಕುಕ್ಕರ್ ತಾನಾಗಿ ತಣಿಯಬೇಕು. ಆತುರಕ್ಕೆ ವಿಸಿಲ್ ಎತ್ತಿ ಹಬೆ ಬಿಟ್ಟರೆ ಚೀಲ ಉಬ್ಬಿ ಬಿರಡೆ ಹಾರುತ್ತದೆ.

ಪೂರ್ತಿ ತಣಿದ ಮೇಲೆ ಕುದಿಸಿ ಆರಿಸಿದ ನೀರಿನಲ್ಲಿ ಮೂಲ ಬೂಷ್ಟನ್ನು ಒಂದೆರಡು ಹನಿ ಟ್ವೀನ್ 80 (ಬೀಜಕ ನೀರಿನಲ್ಲಿ ಬೆರೆಯಲು ಹಾಕುವ ದ್ರವ) ಜೊತೆ ಕುಲುಕಿ, ಸ್ಟೆರೈಲ್ ಸಿರಿಂಜಿನಲ್ಲಿ ಚೀಲಕ್ಕೆ 5ರಿಂದ 10 ಮಿಲಿಲೀಟರ್. ಫ್ಯಾನ್ ಬಂದ್, ಬಾಗಿಲು ಬಂದ್, ಕೈಗೆ ಸ್ಪಿರಿಟ್, ಕೆಲಸ ಸ್ಪಿರಿಟ್ ದೀಪದ ಪಕ್ಕದಲ್ಲಿ. ಸ್ಪಿರಿಟ್ ಆರುವ ಮೊದಲು ಕೈಯನ್ನು ದೀಪದ ಹತ್ತಿರ ತರಬೇಡಿ. ಚೀಲಗಳನ್ನು 25 ಡಿಗ್ರಿ ಸುತ್ತ ಇರುವ ಕೋಣೆಯಲ್ಲಿ ಒಂದರ ಮೇಲೊಂದು ಪೇರಿಸದೆ ಇಡಬೇಕು. ಬೆಳೆಯುವ ಬೂಷ್ಟು ತಾನೇ ಶಾಖ ಬಿಡುತ್ತದೆ, ಪೇರಿಸಿದರೆ ನಡುವಿನ ಚೀಲ ಬೆಂದು ಹೋಗುತ್ತದೆ. ಮೂರು ನಾಲ್ಕು ದಿನಕ್ಕೆ ಬಿಳಿ ಎಳೆ ಹಬ್ಬಿದಾಗ ಹೊರಗಿನಿಂದಲೇ ಹಿಸುಕಿ ಗಂಟು ಒಡೆಯುವುದು, ಆಮೇಲೆ ಮುಟ್ಟದೆ ಎರಡು ವಾರ. ಬೀಜಕ ಕಟ್ಟಿದ ಬ್ಯೂವೇರಿಯಾ ಸುಣ್ಣದ ಪುಡಿಯಂತೆ ಬಿಳಿ, ಸ್ವಲ್ಪ ಕೆನೆಬಣ್ಣ. ಮೆಟಾರೈಜಿಯಂ ಮೊದಲು ಬಿಳಿ, ಆಮೇಲೆ ಕಡು ಹಸಿರು.

ಕೆಡುವುದು ಮೂರು ಬಗೆಯಲ್ಲಿ. ಹುಳಿ ವಾಸನೆ, ಅಂಟು ನೀರು ಬಂದರೆ ಬ್ಯಾಕ್ಟೀರಿಯಾ; ನೀರು ಜಾಸ್ತಿಯಾಗಿದೆ ಅಥವಾ ಬೇಯಿಸಿದ್ದು ಸಾಲಲಿಲ್ಲ. ಕಪ್ಪು ಚುಕ್ಕೆ ಬಂದರೆ ಕಪ್ಪು ಆಸ್ಪರ್ಜಿಲಸ್. ಬಿರಡೆ ಸಡಿಲ, ಇಲ್ಲ ಕೈ ಕೊಳೆ. ಹಳದಿ ಮಿಶ್ರಿತ ಹಸಿರು ಬಂದರೆ ಅದನ್ನು ಬಿಚ್ಚಲೇಬೇಡಿ. ಅದು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುವ ಆಸ್ಪರ್ಜಿಲಸ್ ಫ್ಲೇವಸ್ ಇರಬಹುದು. ಚೀಲ ಸಮೇತ ಮತ್ತೆ ಕುಕ್ಕರಿನಲ್ಲಿ ಬೇಯಿಸಿ ಹೂಳಬೇಕು, ಕೋಳಿಗೋ ದನಕ್ಕೋ ಹಾಕುವುದು ಕೂಡದು. ಮೆಟಾರೈಜಿಯಂ ಬೆಳೆಸುವವರಿಗೆ ಈ ಹಸಿರಿನ ಗೊಂದಲ ದೊಡ್ಡದು. ಹೊಸಬರು ಬ್ಯೂವೇರಿಯಾದಿಂದ ಶುರುಮಾಡಲಿ ಎನ್ನುವುದು ಇದಕ್ಕೇ, ಬಿಳಿಯಲ್ಲಿ ಕಲಬೆರಕೆ ತಟ್ಟನೆ ಕಾಣುತ್ತದೆ.

ಚೆನ್ನಾಗಿ ಬೀಜಕ ಕಟ್ಟಿದ ಅಕ್ಕಿಯಲ್ಲಿ ಗ್ರಾಂಗೆ ನೂರು ಕೋಟಿಯವರೆಗೆ ಬೀಜಕ ಇರುತ್ತದೆ. ಒಂದು ಕಿಲೋವನ್ನು ನೂರು ಲೀಟರಿಗೆ ತೊಳೆದರೆ ಕಾಗದದ ಮೇಲಿನ ಲೆಕ್ಕದಲ್ಲಿ ಮಿಲಿಲೀಟರಿಗೆ ಒಂದು ಕೋಟಿ. ತೊಳೆಯುವಾಗ ಎಲ್ಲವೂ ಬಿಡುವುದಿಲ್ಲ. ಆದರೂ ಅಂಗಡಿ ಪುಡಿಗಿಂತ ಎಷ್ಟೋ ಮೇಲು. ಎಕರೆಗೆ 160ರಿಂದ 180 ಲೀಟರ್ ದ್ರಾವಣ ಹೋಗುವುದರಿಂದ ಎಕರೆಗೆ ಎರಡು ಕಿಲೋ ಅಕ್ಕಿ ಸಾಕು. ಚೀಲದಿಂದ ಚೀಲಕ್ಕೆ ಎಬ್ಬಿಸುತ್ತಾ ಹೋಗಬೇಡಿ. ಅಕ್ಕಿ ತಿಂದು ತಿಂದು ಬೂಷ್ಟಿಗೆ ಹುಳ ಕೊಲ್ಲುವ ಶಕ್ತಿ ಕುಂದುತ್ತದೆ. ಹೊಸ ಮೂಲ ಬೂಷ್ಟು ತರಿಸಿಕೊಳ್ಳುವುದು, ಇಲ್ಲವೇ ಸೊಳ್ಳೆಗೆ ಹತ್ತಿಸಿ ಹೆಣದಿಂದ ಮತ್ತೆ ಎಬ್ಬಿಸಿಕೊಡಲು ಪ್ರಯೋಗಾಲಯದವರನ್ನು ಕೇಳುವುದು.

ಕಲೆಸುವುದು, ಹೊಡೆಯುವುದು

ಬೂಷ್ಟಿಗೆ ಬೇರೆಯೇ ಪಂಪು, ಬೇರೆಯೇ ಡ್ರಮ್ ಇಟ್ಟರೆ ಅರ್ಧ ತಲೆನೋವು ತೀರಿತು. ಆಗದಿದ್ದರೆ ಹಿಂದಿನ ದಿನವೇ ವಾಷಿಂಗ್ ಸೋಡಾ ಕರಗಿಸಿದ ನೀರಿನಿಂದ ತೊಳೆದು, ಮೂರು ಸಲ ಶುದ್ಧ ನೀರು ಹಾಯಿಸಿ, ಪೈಪು, ಲ್ಯಾನ್ಸು (ಸಿಂಪಡಿಸುವ ಉದ್ದ ಕೊಳವೆ), ನಾಝಲ್ಲಿನ ಜಾಲರಿ ಬಿಚ್ಚಿ ನೋಡಬೇಕು. ತಾಮ್ರದ ನೀಲಿ ಹಸಿರು ಗಸಿ ಕೂರುವುದು ಆ ಜಾಲರಿಯಲ್ಲೇ. ನೀರು ತೋಡಿನದೋ ಬಾವಿಯದೋ ಆಗಲಿ. ಪೇಟೆಯ ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಬೇಕು.

ಅಂಗಡಿ ಪುಡಿಯಾದರೆ 16 ಲೀಟರಿನ ಪಂಪಿಗೆ 80 ಗ್ರಾಂ. ನೇರ ಪಂಪಿಗೆ ಸುರಿದರೆ ಗಂಟು ಕಟ್ಟುತ್ತದೆ, ಬೀಜಕಕ್ಕೆ ನೀರು ಹಿಡಿಯುವ ಗುಣ ಇಲ್ಲ. ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಟ್ವೀನ್ 80 ಹಾಕಿ ಮೊದಲು ಪೇಸ್ಟ್ ಮಾಡಿ, ಆಮೇಲೆ ತೆಳ್ಳಗೆ ಮಾಡಿ, ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ. ಟ್ವೀನ್ ಒಟ್ಟು ಲೀಟರಿಗೆ ಅರ್ಧ ಮಿಲಿಲೀಟರ್, 200 ಲೀಟರಿನ ಬ್ಯಾರಲ್ಲಿಗೆ 100 ಮಿಲಿಲೀಟರ್. ಬಟ್ಟೆ ಸೋಪಿನ ಪುಡಿ ಹಾಕಬೇಡಿ, ಕ್ಷಾರ ಹೆಚ್ಚು. ಅಕ್ಕಿಯದಾದರೆ ಇದೇ ನೀರಿನಲ್ಲಿ ಕೈಗವಸು ಹಾಕಿ ಕಿವುಚಿ ಸೋಸುವುದು. ಬೆಲ್ಲ ಹಾಕಿ ರಾತ್ರಿಯಿಡೀ ನೆನೆಸಿ 'ಎಬ್ಬಿಸುವ' ಪದ್ಧತಿ ನಮ್ಮಲ್ಲಿ ಬಹಳ ಕಡೆ ಇದೆ. ಅಲ್ಲಿ ಎಬ್ಬುವುದು ಬ್ಯಾಕ್ಟೀರಿಯಾ. ಕಲೆಸಿದ್ದನ್ನು ಅದೇ ಸಂಜೆ ಖಾಲಿ ಮಾಡಬೇಕು, ಹೊಡೆಯುವಾಗ ನಡುನಡುವೆ ಕದಡುತ್ತಿರಬೇಕು.

ಇದರ ಜೊತೆ ಬೇರೇನೂ ಬೇಡ. ಕಾಪರ್ ಆಕ್ಸಿಕ್ಲೋರೈಡ್, ಹೆಕ್ಸಾಕೊನಜೋಲ್, ಗಂಧಕ ಮೂರೂ ಇದಕ್ಕೆ ವಿಷ. ಎಲೆ ಗೊಬ್ಬರ ಎಂದು ಯೂರಿಯಾ, ಸತುವಿನ ಸಲ್ಫೇಟನ್ನೂ ಇದೇ ಡ್ರಮ್ಮಿಗೆ ಸುರಿಯುವವರಿದ್ದಾರೆ, ಅದನ್ನು ಬೇರೆ ದಿನ ಹೊಡೆಯಲಿ. ಬೇವಿನ ಎಣ್ಣೆ ಕಡಿಮೆ ಪ್ರಮಾಣದಲ್ಲಿ ಹೊಂದುತ್ತದೆ, ಜಾಸ್ತಿಯಾದರೆ ಮೊಳಕೆ ತಡೆಯುತ್ತದೆ. ಇನ್ನು ಟ್ರೈಕೊಡರ್ಮಾ! ಎರಡೂ ಉಪಕಾರಿ ತಾನೇ ಎಂದು ಒಟ್ಟಿಗೆ ಕಲೆಸುತ್ತಾರೆ. ಟ್ರೈಕೊಡರ್ಮಾದ ಕಸುಬೇ ಬೇರೆ ಬೂಷ್ಟನ್ನು ತಿನ್ನುವುದು. ಅದು ಬೇರು ರೋಗಕ್ಕೆ, ಗೊಬ್ಬರದ ಜೊತೆ ಮಣ್ಣಿಗೆ ಹೋಗಲಿ.

ಹೊಡೆಯುವುದು ಸಂಜೆ ನಾಲ್ಕರ ನಂತರ. ನೇರ ಬಿಸಿಲಿನ ಅತಿನೇರಳೆ ಕಿರಣ ಕೆಲವೇ ಗಂಟೆಯಲ್ಲಿ ಬೀಜಕವನ್ನು ಕೊಲ್ಲುತ್ತದೆ. ಸಂಜೆ ಹೊಡೆದರೆ ರಾತ್ರಿಯ ಮಂಜು, ಇಬ್ಬನಿ ಸಿಗುತ್ತದೆ, ಸೊಳ್ಳೆಯೂ ಆ ಹೊತ್ತಿಗೆ ಚಿಗುರಿನ ಮೇಲಿರುತ್ತದೆ. ನಡು ಹಗಲಲ್ಲಿ ಅದು ಗಿಡದ ಒಳಗೆ ಅಡಗುತ್ತದೆ. ತುಂತುರು ಮಳೆ ಒಳ್ಳೆಯದೇ. ಹೊಡೆದ ನಾಲ್ಕೈದು ಗಂಟೆಯೊಳಗೆ ಜಡಿಮಳೆ ಬಂದರೆ ಮಾತ್ರ ತೊಳೆದು ಹೋಗುತ್ತದೆ.

ಅದೇ ದಿನ ಬೆಳಿಗ್ಗೆ ಆ ಫೀಲ್ಡಿನ ಸೊಪ್ಪು ಕೊಯ್ದಿರಬೇಕು. ಚುಕ್ಕೆ ಬಿದ್ದ ಚಿಗುರನ್ನೂ ಬಂಜಿಯನ್ನೂ (ಬೆಳವಣಿಗೆ ನಿಂತ ಚಿಗುರು) ಬಿಡದೆ ಮುರಿದು ತೆಗೆದರೆ ಅದರೊಳಗಿನ ಮೊಟ್ಟೆಯೂ ಹೋಗುತ್ತದೆ. ನಮ್ಮ ಕೈಗೆ ಸಿಗುವ ಎಲ್ಲ ಉಪಾಯಗಳಲ್ಲಿ ಮೊಟ್ಟೆಗೆ ತಾಗುವುದು ಇದೊಂದೇ. ಕೆಟ್ಟ ಚಿಗುರನ್ನು ಗಿಡದ ಬುಡಕ್ಕೆ ಎಸೆಯದೆ ಚೀಲದಲ್ಲಿ ಹೊತ್ತು ಹೊರಗೆ ಹೂಳಿಸುವಂತೆ ಮೇಸ್ತ್ರಿಗೆ ಹೇಳಿರಬೇಕು. ಮುಂದಿನ ಕೊಯ್ಲು ಏಳು ದಿನದ ಮೇಲೆ. ಸಿಂಪಡಿಸುವಾಗ ಫೀಲ್ಡಿನ ಅಂಚಿನಿಂದ ಸುತ್ತು ಹಾಕುತ್ತಾ ಒಳಗೆ ಬರಬೇಕು. ಒಳಗಿನಿಂದ ಶುರುಮಾಡಿದರೆ ಹಾರುವ ಸೊಳ್ಳೆ ಪಕ್ಕದವರ ತೋಟಕ್ಕೆ ಹೋಗಿ ಆಮೇಲೆ ವಾಪಸು ಬರುತ್ತದೆ. ನಾಝಲ್ ಹಾಲೋ ಕೋನ್, ಅಂದರೆ ಹನಿಯನ್ನು ಟೊಳ್ಳು ಶಂಕುವಿನ ಆಕಾರದಲ್ಲಿ ಹರಡುವುದು. ಲ್ಯಾನ್ಸನ್ನು ಗಿಡದ ಪಕ್ಕದಿಂದ ಒಳಗೆ ತೂರಿಸಿ ಎಲೆಯ ಅಡಿಗೂ ತಾಗುವಂತೆ ಹೊಡೆಯಬೇಕು. ಬರೀ ಮೇಲಿನಿಂದ ಮುಸುಕು ಹಾಕಿದಂತೆ ಹೊಡೆದರೆ ಬಿಸಿಲಿಗೆ ಸಾಯುವ ಜಾಗದಲ್ಲೇ ಬೀಜಕ ಇಟ್ಟ ಹಾಗಾಯಿತು. ಕಾಡಿನ ಅಂಚು, ತೋಡಿನ ಬದಿ, ನೆರಳು ಒತ್ತಾದ ತಗ್ಗು, ಮೈಕೇನಿಯಾ ಬಳ್ಳಿ ಹಬ್ಬಿದ ಕಡೆ, ಸೀಬೆ ಮರದ ಸುತ್ತ ಸೊಳ್ಳೆ ಮೊದಲು ಕಾಣುತ್ತದೆ. ಬಳ್ಳಿ ಕಿತ್ತು, ಸಿಲ್ವರ್ ಓಕಿನ ಕೊಂಬೆ ತಗ್ಗಿಸಿ ಆಮೇಲೆ ಪಂಪು ಹೆಗಲಿಗೇರಿಸಿ.

ನೂರು ಚಿಗುರು ಎಣಿಸಿದರೆ ಐದರಲ್ಲಿ ಹೊಸ ಚುಕ್ಕೆ ಕಂಡಾಗಲೇ ಶುರುಮಾಡಬೇಕು. ಕಾಲು ಭಾಗ ಚಿಗುರು ಸುಟ್ಟಂತಾದ ಮೇಲೆ ಬೂಷ್ಟನ್ನು ನಂಬುವುದು ದುಡ್ಡು ನೀರಿಗೆ ಹಾಕಿದಂತೆ. ಆ ಹಂತಕ್ಕೆ ಹೋದರೆ ಸಂಹಿತೆಯಲ್ಲಿ ಅನುಮತಿ ಇರುವ ಔಷಧಿ ಒಂದು ಸಲ ಹೊಡೆದು, ಕೊಯ್ಲಿಗೆ ಹೇಳಿದಷ್ಟು ದಿನ ಬಿಟ್ಟು, ಆಮೇಲೆ ಬರುವ ಮರಿಗಳಿಗೆ ಬ್ಯೂವೇರಿಯಾ ಹಿಡಿಯುವುದು ಸರಿ. ಸಾವಯವ ಪ್ರಮಾಣಪತ್ರ ಇರುವವರಿಗೆ ಈ ದಾರಿ ಇಲ್ಲ. ಅವರು ಎಣಿಕೆಯಲ್ಲಿ ಇನ್ನೂ ಚುರುಕಾಗಿರಬೇಕು.

ತಾಮ್ರದ ಸಂದಿನಲ್ಲಿ

ಮುಂಗಾರು ಹಿಡಿದ ಮೇಲೆ ಬ್ಲಿಸ್ಟರಿಗೆ ವಾರವಾರವೂ ತಾಮ್ರದ ರೌಂಡ್ ನಡೆಯುವ ಫೀಲ್ಡಿನಲ್ಲಿ ಬ್ಯೂವೇರಿಯಾಕ್ಕೆ ಜಾಗವಿಲ್ಲ. ಬೂಷ್ಟಿಗೂ ತಾಮ್ರಕ್ಕೂ ಹಿಂದೆ ಮುಂದೆ ಕನಿಷ್ಠ ಒಂದು ವಾರ ಬಿಡುವು ಇರಲೇಬೇಕು. ನಾವು ಕಂಡುಕೊಂಡ ಮೊದಲ ಸಂದು ಏಪ್ರಿಲ್ ಕೊನೆ, ಮೇ ತಿಂಗಳ ಮಳೆ. ನೆಲ ನೆನೆದಿರುತ್ತದೆ, ಸಂಜೆ ಮೋಡ ಇರುತ್ತದೆ, ಬ್ಲಿಸ್ಟರ್ ರೌಂಡ್ ಇನ್ನೂ ಶುರುವಾಗಿರುವುದಿಲ್ಲ, ಸೊಳ್ಳೆಯ ಸಂಖ್ಯೆಯೂ ಕಡಿಮೆ. ಆಗ ಎರಡು ಸಲ ಹೊಡೆದರೆ ಮಳೆಗಾಲಕ್ಕೆ ಏರುವ ಸೊಳ್ಳೆಯ ಬುಡವೇ ಚಿಕ್ಕದಾಗುತ್ತದೆ. ಎರಡನೆಯದು ಮಳೆಗಾಲದ ನಡುವೆ ನಾಲ್ಕೈದು ದಿನ ಬಿಸಿಲು ಬಿಟ್ಟು ಬ್ಲಿಸ್ಟರ್ ತಗ್ಗುವ ಹೊತ್ತು. ಒಂದು ತಾಮ್ರದ ರೌಂಡ್ ಬಿಟ್ಟು, ಮತ್ತೆ ಮಂಜು ಕವಿಯುವ ಮುನ್ಸೂಚನೆ ಇರುವ ಸಂಜೆ ಬೂಷ್ಟು. ಇದು ಜೂಜೇ, ಎತ್ತರದ, ಸದಾ ಮಂಜು ಮುಚ್ಚುವ ತೋಟದಲ್ಲಿ ಈ ಜೂಜು ಆಡಬೇಡಿ, ಬ್ಲಿಸ್ಟರ್ ಮಾಡುವ ನಷ್ಟವೇ ದೊಡ್ಡದಾದೀತು. ಮೂರನೆಯದು ಹಿಂಗಾರು ಮುಗಿಯುವ ಹೊತ್ತು, ನವೆಂಬರಿನಲ್ಲಿ ತಾಮ್ರ ನಿಂತ ಮೇಲೆ.

ಕವಾತು ಮಾಡಿದ ಫೀಲ್ಡು ಬೇರೆ ಲೆಕ್ಕ. ಕಡಿದ ಬಾಯಿಗೆ ತಾಮ್ರ ಸುಣ್ಣದ ಬೋರ್ಡೋ ಪೇಸ್ಟ್ ಬಳಿದಿರುತ್ತೇವೆ, ಕಾಂಡದ ಪಾಚಿಗೆ ಸುಣ್ಣಗಂಧಕ ತೊಳೆದಿರುತ್ತೇವೆ. ಹೊಸ ಚಿಗುರು ಬಂದು ಅದರ ಮೇಲೆ ಥ್ರಿಪ್ಸ್ ಕಾಣುವವರೆಗೆ ಯಾವ ಬೂಷ್ಟೂ ಅಲ್ಲಿಗೆ ಬೇಡ.

ಕಾಂಡ ಕೊರೆಯುವ ಶಾಟ್‌ಹೋಲ್ ಬೋರರ್ ಬಗ್ಗೆ ಕೇಳುವವರಿಗೆ ಒಂದು ಮಾತು. ಎರಡು ಮಿಲಿಮೀಟರಿನ ಈ ದುಂಬಿ ಕಾಂಡ ತಿನ್ನುವುದಿಲ್ಲ. ಸೀಸದ ಕಡ್ಡಿ ದಪ್ಪದ ಕೊಂಬೆಯಲ್ಲಿ ಸುರಂಗ ತೋಡಿ, ಅದರ ಗೋಡೆಗೆ ತನ್ನದೇ ಬೂಷ್ಟನ್ನು ಬಿತ್ತಿ ಅದನ್ನು ಮರಿಗೆ ತಿನ್ನಿಸುತ್ತದೆ. ಸುರಂಗದೊಳಗೆ ಹೋದ ಮೇಲೆ ಸಿಂಪರಣೆ ತಲುಪುವುದಿಲ್ಲ. ಹೊಸ ಹೆಣ್ಣುಗಳು ಹೊರಬಂದು ಬೇರೆ ಕೊಂಬೆ ಹುಡುಕುವಾಗ ಕಾಂಡದ ಮೇಲೆ ಬ್ಯೂವೇರಿಯಾ ಇರಬೇಕು. ಕವಾತಿನ ನಂತರದ ಎರಡನೇ, ಮೂರನೇ ವರ್ಷದ ಫೀಲ್ಡುಗಳಲ್ಲಿ, ಎಲೆಗಲ್ಲ, ಗಿಡದ ಚೌಕಟ್ಟಿನ ಕೊಂಬೆಗಳಿಗೆ ತೊಯ್ಯುವಂತೆ ಹೊಡೆಯಬೇಕು. ನೀರು ಜಾಸ್ತಿ ಹೋಗುತ್ತದೆ, ಕೂಲಿಯೂ ಜಾಸ್ತಿ. ಸೊಳ್ಳೆಯಷ್ಟು ನೇರ ಫಲ ಇದರಲ್ಲಿ ನಿರೀಕ್ಷಿಸಬೇಡಿ.

ಉಳಿದ ಪ್ಯಾಕೆಟ್ಟನ್ನು ಗಾಳಿ ಹೋಗದಂತೆ ಕಟ್ಟಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಬೇಕು. ಗೊಬ್ಬರದ ಶೆಡ್ಡಿನಲ್ಲಿ, ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಅಲ್ಲ. ಕಲೆಸುವವರು, ಹೊಡೆಯುವವರು ಮೂಗು ಬಾಯಿ ಮುಚ್ಚಬೇಕು, ಕಣ್ಣಿಗೆ ಕನ್ನಡಕ. ಬೀಜಕದ ಧೂಳು ಉಬ್ಬಸ ಇರುವವರಿಗೆ, ಅಲರ್ಜಿ ಇರುವವರಿಗೆ ಆಗುವುದಿಲ್ಲ. ಚಾಮರಾಜನಗರ, ಕೊಳ್ಳೇಗಾಲದ ಕಡೆ ರೇಷ್ಮೆ ಇಟ್ಟುಕೊಂಡವರು, ಅಲ್ಲಿಂದ ಬಂದು ಹೋಗಿ ಕೆಲಸ ಮಾಡುವವರು ಇನ್ನೂ ಎಚ್ಚರವಾಗಿರಬೇಕು. ರೇಷ್ಮೆಹುಳುವಿಗೆ ಬರುವ ಸುಣ್ಣಕಟ್ಟು ರೋಗ ಎಂದರೆ ಇದೇ ಬ್ಯೂವೇರಿಯಾ. 1835ರಲ್ಲಿ ಇಟಲಿಯ ಅಗೊಸ್ಟಿನೊ ಬಾಸಿ ಇದನ್ನು ಗುರುತಿಸಿದ್ದೂ ರೇಷ್ಮೆಹುಳುವಿನಲ್ಲೇ, ಹೆಸರು ಬಂದದ್ದೂ ಅವನಿಂದ. ಹಿಪ್ಪುನೇರಳೆ ಇರುವ ಕಡೆ ಇದನ್ನು ಹೊಡೆಯುವಂತಿಲ್ಲ, ಅಕ್ಕಿಯ ಚೀಲ ಹುಳು ಮನೆಯ ಸೂರಿನಡಿ ಬೆಳೆಸುವಂತಿಲ್ಲ. ತೋಟದಲ್ಲಿ ಹೊಡೆದ ಬಟ್ಟೆಯನ್ನು ಅಲ್ಲೇ ಬಿಚ್ಚಿ ಬಿಸಿನೀರಲ್ಲಿ ಒಗೆದು, ಸ್ನಾನ ಮಾಡಿದ ಮೇಲಷ್ಟೇ ಹುಳು ಮನೆಯ ಬಾಗಿಲು ದಾಟಬೇಕು. ಚಪ್ಪಲಿ ಹೊರಗೇ ಇರಲಿ.